ಮೊದಲು ದಿನಸಿ ಚೀಟಿ ತಿದ್ದಿ, ಆಮೇಲೆ ತಟ್ಟೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ತಂತಿ ಕೊಕ್ಕೆ ಇದೆ. ಪ್ರತಿ ತಿಂಗಳ ದಿನಸಿ ಚೀಟಿಯನ್ನು ಅದಕ್ಕೆ ಚುಚ್ಚಿಡುವುದು ಅಮ್ಮನ ಹಳೆಯ ಅಭ್ಯಾಸ. ಎರಡು ವರ್ಷದ ಕೆಳಗೆ ಅಮ್ಮನಿಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ಡಾಕ್ಟರು "ಉಪ್ಪು, ಎಣ್ಣೆ ಕಡಿಮೆ ಮಾಡಿ" ಎಂದಾಗ ನಾವೆಲ್ಲ ಒಕ್ಕೊರಲಿನಿಂದ "ನಮ್ಮನೇಲಿ ಮೊದಲಿಂದಲೂ ಕಡಿಮೇನೇ ಸಾರ್" ಎಂದೆವು. ಮನೆಗೆ ಬಂದು ಕೊಕ್ಕೆಯಿಂದ ಚೀಟಿಗಳನ್ನು ಬಿಡಿಸಿ ನೋಡಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಆರು ಲೀಟರ್ ಎಣ್ಣೆ, ಒಂದು ಕೆ.ಜಿ. ಉಪ್ಪು, ಐದು ಕೆ.ಜಿ. ಸಕ್ಕರೆ. ಬೇಳೆಕಾಳು ಮಾತ್ರ ಎರಡೇ ಕೆ.ಜಿ.

ಅಲ್ಲಿಯವರೆಗೆ ಆರೋಗ್ಯಕರ ಊಟ ಎಂದರೆ ತಟ್ಟೆ ಮುಂದೆ ಕುಳಿತಾಗ ತೋರಿಸಬೇಕಾದ ಮನೋಬಲ ಎಂದುಕೊಂಡಿದ್ದೆ. ಹಸಿದಾಗ ಯಾರಿಗೆ ಮನೋಬಲ ಇರುತ್ತದೆ? ಡಬ್ಬಿಯಲ್ಲಿ ಚಕ್ಕುಲಿ ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ, ಬೇಯಿಸಿದ ಕಡಲೆಕಾಳು ಇದ್ದರೆ ಅದನ್ನೇ ತಿನ್ನುತ್ತೇವೆ. ತಿಂಗಳ ಮೊದಲ ವಾರ ಚೀಟಿಯಲ್ಲಿ ಬರೆದದ್ದನ್ನೇ ಉಳಿದ ಮೂರು ವಾರ ಮನೆ ಮಂದಿ ತಿನ್ನುವುದು. ಆದ್ದರಿಂದ ಈ ಲೇಖನ ತಟ್ಟೆಯಿಂದಲ್ಲ, ಚೀಟಿಯಿಂದ ಶುರುವಾಗುತ್ತದೆ.

ಮೊದಲ ಕೆಲಸ: ಮೂರು ತಿಂಗಳ ಲೆಕ್ಕ ತೆಗೆಯಿರಿ

ಕಿರಾಣಿ ಅಂಗಡಿಯ ಚೀಟಿ ಇಲ್ಲದಿದ್ದರೆ ಆ್ಯಪ್‌ನಲ್ಲಿ ಹಳೆಯ ಆರ್ಡರುಗಳು ಇರುತ್ತವೆ. ಮೂರು ತಿಂಗಳ ಎಣ್ಣೆ, ತುಪ್ಪ, ಉಪ್ಪು, ಸಕ್ಕರೆ, ಬೆಲ್ಲ, ಅಕ್ಕಿ, ಹಿಟ್ಟು, ಬೇಳೆಕಾಳು ಇಷ್ಟನ್ನು ಕೂಡಿಸಿ ಮೂರರಿಂದ ಭಾಗಿಸಿ. ಬಿಸ್ಕೆಟ್ಟು, ಚಿಪ್ಸು, ಜ್ಯೂಸಿನ ಹಣವನ್ನು ಬೇರೆ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ನಾಚಿಕೆ ಬೇಡ.

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಗಳನ್ನು ಪರಿಷ್ಕರಿಸಿ ಹೊರತಂದಿತು. ದಿನಕ್ಕೆ 2000 ಕಿಲೋಕ್ಯಾಲರಿ ಬೇಕಾದ ಒಬ್ಬ ವಯಸ್ಕರಿಗೆ ಅದು ಹೇಳುವ ಪ್ರಮಾಣ ಗ್ರಾಂಗಳಲ್ಲಿದೆ. ಗ್ರಾಂ ಓದಿದರೆ ನಮ್ಮಂಥವರಿಗೆ ಏನೂ ಅರ್ಥವಾಗುವುದಿಲ್ಲ, ಅಂಗಡಿಯಲ್ಲಿ ನಾವು ಕೊಳ್ಳುವುದು ಕೆ.ಜಿ.ಯಲ್ಲಿ. ಹಾಗಾಗಿ ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಗುಣಿಸಿಟ್ಟಿದ್ದೇನೆ:

- ಧಾನ್ಯ (ಅಕ್ಕಿ, ರಾಗಿ, ಜೋಳ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ): ಒಬ್ಬರಿಗೆ ದಿನಕ್ಕೆ 250 ಗ್ರಾಂ, ತಿಂಗಳಿಗೆ 30 ಕೆ.ಜಿ.
- ಬೇಳೆಕಾಳು: 85 ಗ್ರಾಂ, ತಿಂಗಳಿಗೆ ಸುಮಾರು 10 ಕೆ.ಜಿ.
- ತರಕಾರಿ, ಸೊಪ್ಪು: 400 ಗ್ರಾಂ, ತಿಂಗಳಿಗೆ 48 ಕೆ.ಜಿ.
- ಹಣ್ಣು: 100 ಗ್ರಾಂ, ತಿಂಗಳಿಗೆ 12 ಕೆ.ಜಿ.
- ಹಾಲು, ಮೊಸರು: 300 ಮಿ.ಲೀ., ತಿಂಗಳಿಗೆ 36 ಲೀಟರ್
- ಕಡಲೆಕಾಯಿ, ಎಳ್ಳು, ಅಗಸೆಯಂಥ ಬೀಜಗಳು: 35 ಗ್ರಾಂ, ತಿಂಗಳಿಗೆ 4 ಕೆ.ಜಿ.ಗೆ ತುಸು ಹೆಚ್ಚು
- ಎಣ್ಣೆ, ತುಪ್ಪ: 27 ಗ್ರಾಂ, ತಿಂಗಳಿಗೆ ಸುಮಾರು ಮೂರೂವರೆ ಲೀಟರ್

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ ಆಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇವೆಲ್ಲ ಇನ್ನೂ ಕಡಿಮೆ, ಹೊಲದಲ್ಲಿ ದುಡಿಯುವವರಿದ್ದರೆ ಧಾನ್ಯ ಹೆಚ್ಚು. ಅಕ್ಷರಶಃ ಪಾಲಿಸಲೇಬೇಕಾದ ಲೆಕ್ಕ ಇದಲ್ಲ. ಆದರೆ ನಮ್ಮ ಚೀಟಿಯನ್ನು ಇದರ ಪಕ್ಕ ಇಟ್ಟಾಗ ಎರಡು ವಿಷಯ ಕಣ್ಣಿಗೆ ಹೊಡೆಯಿತು. ಎಣ್ಣೆ ದುಪ್ಪಟ್ಟಿಗೆ ಹತ್ತಿರ, ಬೇಳೆಕಾಳು ಕಾಲು ಭಾಗಕ್ಕೂ ಕಡಿಮೆ. ಬಹಳ ಮನೆಗಳ ಕತೆ ಇದೇ ಎಂಬುದು ನನ್ನ ಅನುಮಾನ.

ಎಣ್ಣೆ ಎಷ್ಟು ದಿನ ಬರಬೇಕು?

ಒಂದು ಲೀಟರ್ ಎಣ್ಣೆ ಹೆಚ್ಚುಕಡಿಮೆ 920 ಗ್ರಾಂ ತೂಗುತ್ತದೆ. ದಿನಕ್ಕೆ 27 ಗ್ರಾಂನಂತೆ ಒಬ್ಬರಿಗೆ 34 ದಿನ. ಆ 34ನ್ನು ನಿಮ್ಮ ಮನೆಯ ಮಂದಿಯಿಂದ ಭಾಗಿಸಿ. ಇಬ್ಬರಿದ್ದರೆ 17 ದಿನ, ಮೂವರಿದ್ದರೆ 11, ನಾಲ್ವರಿದ್ದರೆ ಎಂಟೂವರೆ. ಹೊಸ ಪ್ಯಾಕೆಟ್ ಒಡೆದ ದಿನ ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಇಷ್ಟೇ ಉಪಾಯ. ನಮ್ಮ ಮನೆಯಲ್ಲಿ ಐದು ದಿನಕ್ಕೆ ಮುಗಿಯುತ್ತಿದ್ದದ್ದು ತಾರೀಖು ಬರೆಯಲು ಶುರುಮಾಡಿದ ಮೇಲೆ ತಾನಾಗಿ ಆರು ದಿನಕ್ಕೆ ಬಂತು, ಬೇರೇನೂ ಮಾಡದೆ. ಕಣ್ಣೆದುರು ಲೆಕ್ಕ ಇದ್ದರೆ ಕೈ ಸ್ವಲ್ಪ ಅಂಜುತ್ತದೆ.

ಮುಂದಿನ ಎರಡು ದಿನ ಗಳಿಸಿದ್ದು ಹೀಗೆ: ಡಬ್ಬಿಯಿಂದ ಬಾಣಲೆಗೆ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದೆವು. ಪಲ್ಯವನ್ನು ಎಣ್ಣೆಯಲ್ಲಿ ಬಾಡಿಸುವ ಬದಲು ಮುಚ್ಚಳ ಮುಚ್ಚಿ, ತುಸು ನೀರು ಚಿಮುಕಿಸಿ ಬೇಯಿಸಿ, ಕೊನೆಯಲ್ಲಿ ಒಗ್ಗರಣೆ ಕೊಟ್ಟೆವು. ಒಗ್ಗರಣೆ ಕೊನೆಗೆ ಬಿದ್ದರೆ ಅರ್ಧ ಎಣ್ಣೆಗೇ ಘಮ ದುಪ್ಪಟ್ಟು. ಕರಿದ ತಿಂಡಿಯನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡೆವು, ಬಿಟ್ಟಿಲ್ಲ. ಮಳೆ ಬರುವ ಸಂಜೆ ಈರುಳ್ಳಿ ಪಕೋಡ ಬೇಡ ಎನ್ನುವ ಮನೆಯಲ್ಲಿ ನಾನಂತೂ ಬಾಳಲಾರೆ.

ಗಾಣದ ಎಣ್ಣೆಯ ಬಗ್ಗೆ ಒಂದು ಮಾತು. ರುಚಿ ಒಳ್ಳೆಯದು, ನನಗೂ ಇಷ್ಟ. ಆದರೆ ಗಾಣದ್ದಿರಲಿ, ರಿಫೈನ್ಡ್ ಇರಲಿ, ತುಪ್ಪವೇ ಇರಲಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ ಇದ್ದೇ ಇರುತ್ತದೆ. "ಗಾಣದ್ದು, ಎಷ್ಟು ಹಾಕಿದರೂ ಪರವಾಗಿಲ್ಲ" ಎಂಬ ನಂಬಿಕೆಯಿಂದ ನಮ್ಮ ಪರಿಚಿತರ ಮನೆಯಲ್ಲಿ ಎಣ್ಣೆಯ ಖರ್ಚು ಒಂದೂವರೆ ಪಟ್ಟಾಗಿದೆ. ನಾನು ತಿಪಟೂರು ಕಡೆಯವನು, ಕಾಯಿ ತುರಿಯದ ಪಲ್ಯ ನನ್ನ ಪಾಲಿಗೆ ಅರ್ಧ ಅಡುಗೆ. ಆದರೂ ಹೇಳಲೇಬೇಕು: ಕೊಬ್ಬರಿಯೂ ಕೊಬ್ಬೇ, ಹೆಸರಿನಲ್ಲೇ ಇದೆ.

ಬೀದಿ ಬದಿಯ ಬಜ್ಜಿಯಂಗಡಿಯಲ್ಲಿ ಬಾಣಲೆಯ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ನೊರೆ ಏಳುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಬೇಳೆಕಾಳು: ಇಲ್ಲಿ ಲೆಕ್ಕ ತಿರುಗಾಮುರುಗಾ

ಎಣ್ಣೆ ಹೆಚ್ಚು ದಿನ ಬರಬೇಕು, ಬೇಳೆ ಬೇಗ ಮುಗಿಯಬೇಕು. ದಿನಕ್ಕೆ 85 ಗ್ರಾಂ ಎಂದರೆ ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಕಾಳು ಮೂರು ದಿನಕ್ಕೆ ಖಾಲಿ. ಇದನ್ನು ಹೇಳಿದಾಗ ಅಮ್ಮ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ನಮ್ಮ ಸಾರಿಗೆ ಬೀಳುತ್ತಿದ್ದದ್ದು ಒಂದು ಹಿಡಿ ತೊಗರಿಬೇಳೆ, ತೂಗಿದರೆ 100 ಗ್ರಾಂ. ತಲೆಗೆ 25 ಗ್ರಾಂ. ಅದರಲ್ಲೂ ಮಗಳು ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಳ್ಳುತ್ತಾಳೆ. ಬೇಳೆ ಪಾತ್ರೆಯ ತಳದಲ್ಲಿ, ಪ್ರೋಟೀನೂ ಅಲ್ಲೇ.

ಒಂದೇ ತಿಂಗಳಲ್ಲಿ ಎರಡರಿಂದ ಹತ್ತು ಕೆ.ಜಿ.ಗೆ ಜಿಗಿಯಬೇಡಿ. ಹೊಟ್ಟೆ ಉಬ್ಬರಿಸಿ, "ಈ ಆರೋಗ್ಯ ನಮಗೆ ಬೇಡಪ್ಪ" ಎಂದು ಎಲ್ಲರೂ ಬಂಡೇಳುತ್ತಾರೆ. ತಿಂಗಳಿಗೆ ಒಂದೊಂದು ಕೆ.ಜಿ. ಏರಿಸಿ. ಬೇಳೆ ಹೆಚ್ಚಿಸಿ ಸಾರು ಗಟ್ಟಿ ಮಾಡುವುದರಲ್ಲೂ ಒಂದು ಮಿತಿ ಇದೆ, ಕಾಳುಗಳನ್ನು ದಿನದ ಬೇರೆ ಹೊತ್ತಿಗೆ ಹಂಚಬೇಕು. ನಮಗೆ ಕೈಹಿಡಿದ ದಾರಿಗಳು ಇವು.

ದೋಸೆ ಹಿಟ್ಟು. ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಹಾಕುತ್ತಿದ್ದೆವು. ಈಗ ಮೂರಕ್ಕೆ ಒಂದು, ಜೊತೆಗೆ ಅರ್ಧ ಲೋಟ ಹೆಸರುಬೇಳೆ ಅಥವಾ ಕಡಲೆಬೇಳೆ. ದೋಸೆ ಸ್ವಲ್ಪ ಹೊಂಬಣ್ಣಕ್ಕೆ ಬರುತ್ತದೆ, ಗರಿಗರಿ ಕಡಿಮೆಯಾಗುವುದಿಲ್ಲ. ವಾರಕ್ಕೊಮ್ಮೆ ಅಕ್ಕಿಯೇ ಇಲ್ಲದ ಹೆಸರುಕಾಳಿನ ದೋಸೆ: ರಾತ್ರಿ ನೆನೆಸಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿದರೆ ಮುಗಿಯಿತು, ಹುದುಗುವವರೆಗೆ ಕಾಯಬೇಕಿಲ್ಲ.

ಕೋಸಂಬರಿ. ರಾಮನವಮಿಗೂ ಮದುವೆ ಎಲೆಗೂ ಎಂದು ಇದನ್ನು ಮೀಸಲಿಟ್ಟವರು ಯಾರೋ ಕಾಣೆ. ಹೆಸರುಬೇಳೆ ಅರ್ಧ ಗಂಟೆ ನೆನೆದರೆ ಸಾಕು, ಒಲೆ ಹಚ್ಚಬೇಕಿಲ್ಲ. ಸೌತೆಕಾಯಿ, ಕ್ಯಾರೆಟ್ ತುರಿ, ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು. ಒಂದೇ ಬಟ್ಟಲಲ್ಲಿ ಬೇಳೆಯೂ ಆಯಿತು, ಹಸಿ ತರಕಾರಿಯೂ ಆಯಿತು. ನಾಲ್ಕು ದಿನಕ್ಕೊಮ್ಮೆಯಾದರೂ ಮಾಡಿ.

ಸಂಜೆಯ ಉಸಲಿ. ಮಕ್ಕಳು ಶಾಲೆಯಿಂದ ಬರುವ ನಾಲ್ಕೂವರೆಯ ಹೊತ್ತು ಅಪಾಯದ ಹೊತ್ತು. ಆಗ ಬೇಯಿಸಿದ ಕಾಳು ತಯಾರಿದ್ದರೆ ಬಿಸ್ಕೆಟ್ಟಿನ ಡಬ್ಬಿ ಸೋಲುತ್ತದೆ. ಭಾನುವಾರ, ಬುಧವಾರ ರಾತ್ರಿ ಎರಡು ಬಗೆಯ ಕಾಳು ನೆನೆಹಾಕಿ, ಮರುದಿನ ಕುಕ್ಕರಿನಲ್ಲಿ ಒಟ್ಟಿಗೆ ಬೇಯಿಸಿ ಫ್ರಿಜ್ಜಿನಲ್ಲಿಡಿ. ಬೇಕೆಂದಾಗ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಐದು ನಿಮಿಷದಲ್ಲಿ ತಟ್ಟೆಗೆ.

ತೊಗರಿಬೇಳೆ ತುಟ್ಟಿ ಎಂಬ ದೂರು ನಿಜ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿದೆ, ಅದರ ಬೇಳೆಯ ರುಚಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಪ್ರೋಟೀನಿಗಾಗಿ ತೊಗರಿಯೊಂದನ್ನೇ ನೆಚ್ಚಬೇಕಿಲ್ಲ. ಹುರುಳಿಯಲ್ಲೂ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು ಇದೆ, ತೊಗರಿಯಷ್ಟೇ. ಕಬ್ಬಿಣಾಂಶದಲ್ಲಿ ತೊಗರಿಗಿಂತ ಮುಂದೆ. ದನಕ್ಕೆ ಬೇಯಿಸಿ ಹಾಕುವ ಕಾಳು ಎಂದು ಪೇಟೆಯವರು ಮೂಗು ಮುರಿಯುತ್ತಿದ್ದ ಹುರುಳಿಯ ಕಟ್ಟಿನ ಸಾರು ಒಮ್ಮೆ ಮುದ್ದೆ ಜೊತೆ ತಿಂದು ನೋಡಿ. ಅಲಸಂದೆ, ಮಡಕೆಕಾಳು, ಚಳಿಗಾಲ ಬಂತೆಂದರೆ ಸೊಗಡು ಅವರೆಕಾಯಿ, ಪಟ್ಟಿ ಉದ್ದವಿದೆ.

ಅನ್ನಕ್ಕೆ ಸಾರು, ರೊಟ್ಟಿಗೆ ಕಾಳು ಪಲ್ಯ ಎಂಬ ಜೋಡಿಯಲ್ಲಿ ಒಂದು ಜಾಣತನವೂ ಇದೆ. ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಮೆಥಿಯೋನೀನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೊಟ್ಟೆ, ಮೀನು, ಕೋಳಿ ತಿನ್ನುವವರು ಕಾಳಿನ ಒಂದು ಪಾಲನ್ನು ಅವುಗಳಿಂದ ತುಂಬಿಕೊಳ್ಳಬಹುದು. ಕರಾವಳಿಯವರ ಬೂತಾಯಿ, ಬಂಗುಡೆಗಳಂತೂ ದುಬಾರಿ ಮೀನುಗಳ ಹಂಗಿಲ್ಲದೆ ಒಮೆಗಾ-3 ಎಂಬ ಒಳ್ಳೆಯ ಕೊಬ್ಬನ್ನು ಕೊಡುತ್ತವೆ. ಕರಿಯುವ ಬದಲು ಪುಳಿಮುಂಚಿ ಮಾಡಿ.

ಧಾನ್ಯ: ಅಕ್ಕಿಯನ್ನು ಓಡಿಸಬೇಡಿ, ಜಾಗ ಬಿಡಿಸಿ

ನನ್ನ ಹೆಂಡತಿ ಬಾಗಲಕೋಟೆಯವಳು. ಮದುವೆಯಾದ ಹೊಸತರಲ್ಲಿ "ಬರೇ ಅನ್ನಾ ಉಂಡ್ರ ಹೊಟ್ಟಿ ತುಂಬತೈತೇನು?" ಎಂದು ಕೇಳುತ್ತಿದ್ದಳು. ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅವಳಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ, ಹೀಗಾಗಿ ಇಬ್ಬರೂ ಮೂರು ಹೊತ್ತೂ ಅಕ್ಕಿಗೆ ಬಿದ್ದೆವು. ಈಗ ಒಪ್ಪಂದವಾಗಿದೆ: ಮಧ್ಯಾಹ್ನ ಅನ್ನ, ರಾತ್ರಿ ಮೂರು ದಿನ ರೊಟ್ಟಿ, ಮೂರು ದಿನ ಮುದ್ದೆ.

ಬದಲಾವಣೆಗೆ ಕಾರಣ ನಾರಿನಂಶ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂ ನಾರೂ ಇಲ್ಲ. ಜೋಳದಲ್ಲಿ ಸುಮಾರು 10, ರಾಗಿಯಲ್ಲಿ 11 ಗ್ರಾಂ. ರಾಗಿಯ ಕ್ಯಾಲ್ಸಿಯಂ 360 ಮಿಲಿಗ್ರಾಂ ಆಸುಪಾಸು, ಅಷ್ಟೇ ತೂಕದ ಹಸುವಿನ ಹಾಲಿನ ಮೂರು ಪಟ್ಟು. ಅಷ್ಟೂ ದೇಹಕ್ಕೆ ಹತ್ತುವುದಿಲ್ಲ, ರಾಗಿಯಲ್ಲಿನ ಫೈಟೇಟ್ ಎಂಬ ಅಂಶ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ಹಿಡಿತ ಸಡಿಲಾಗುತ್ತದೆ. ಅಜ್ಜಿಯರು ಮಗುವಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದದ್ದರ ಗುಟ್ಟು ಇದೇ. (ರಾಗಿ ಉಣ್ಣುವವರು ಒಮ್ಮೆ ನೆನೆಯಬೇಕಾದ ಹೆಸರು ರಾಗಿ ಲಕ್ಷ್ಮಣಯ್ಯ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟವರು.)

ಹಾಗೆಂದು ರಾಗಿ ಮಂತ್ರದಂಡವಲ್ಲ. ಸಕ್ಕರೆ ಕಾಯಿಲೆಯವರು "ಮುದ್ದೆ ತಾನೆ" ಎಂದು ಎರಡು ದೊಡ್ಡ ಮುದ್ದೆ ಇಳಿಸಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಮಾಲ್ಟ್ ಇನ್ನೂ ಬೇಗ ಏರಿಸುತ್ತವೆ. ನಮ್ಮ ಮನೆಯ ಮಧ್ಯಮ ಗಾತ್ರದ ಒಂದು ಮುದ್ದೆಗೆ 90 ಗ್ರಾಂ ಹಿಟ್ಟು ಹಿಡಿಯುತ್ತದೆ. ಒಂದು ಮುದ್ದೆ, ಅದು ಮುಳುಗುವಷ್ಟು ಕಾಳಿನ ಸಾರು, ಪಕ್ಕದಲ್ಲಿ ಪಲ್ಯ. ಆಮೇಲೆ "ಬಾಯಿ ತೊಳೆಯಲು" ಒಂದು ತಟ್ಟೆ ಅನ್ನ ಉಣ್ಣುವ ಅಭ್ಯಾಸವಿದೆಯಲ್ಲ, ಅದನ್ನು ನಾಲ್ಕು ತುತ್ತಿಗೆ ಇಳಿಸಿ.

ಕರಾವಳಿ, ಮಲೆನಾಡಿನವರು ಕುಚ್ಚಲಕ್ಕಿಯನ್ನು ಬಿಡದಿದ್ದರೆ ಒಳ್ಳೆಯದು. ಭತ್ತವನ್ನು ಕುದಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳು ಕಾಳಿನ ಒಳಕ್ಕೆ ಸರಿಯುತ್ತವೆ, ಗಿರಣಿಗೆ ಕೊಟ್ಟಾಗ ಪೂರ್ತಿ ಹೋಗುವುದಿಲ್ಲ. ಬೆಂಗಳೂರಿಗೆ ಬಂದ ಕೂಡಲೇ ಬಿಳಿ ಸೋನಾ ಮಸೂರಿಗೆ ಬದಲಾದವರು ಈ ಒಂದು ವಿಷಯದಲ್ಲಿ ಊರಿಗೆ ಮರಳಬಹುದು.

ಸೊಪ್ಪು ತರಕಾರಿ

ದಿನಕ್ಕೆ 1600 ಗ್ರಾಂ, ನಾಲ್ಕು ಜನಕ್ಕೆ. ಇದು ನಮ್ಮ ಮನೆಯಲ್ಲಿ ಇನ್ನೂ ಪೂರ್ತಿ ಸಾಧ್ಯವಾಗಿಲ್ಲ. ಆದರೂ ವಾರಕ್ಕೆ ನಾಲ್ಕು ಕೆ.ಜಿ. ತರುತ್ತಿದ್ದವರು ಎಂಟಕ್ಕೆ ಬಂದಿದ್ದೇವೆ.

ವಾರದ ಸಂತೆಗೋ ಹಾಪ್‌ಕಾಮ್ಸ್‌ಗೋ ಹೋಗುವಾಗ ಮೊದಲು ಸೊಪ್ಪು, ಆಮೇಲೆ ಕಾಯಿ, ಕೊನೆಗೆ ಆಲೂಗಡ್ಡೆ ಎಂಬ ಕ್ರಮ ಇಟ್ಟುಕೊಳ್ಳಿ. ಚೀಲ ತುಂಬಿದ ಮೇಲೆ ಸೊಪ್ಪಿಗೆ ಜಾಗ ಇರುವುದಿಲ್ಲ, ಅಂದಹಾಗೆ ಆಲೂಗಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ, ಅದು ಪಿಷ್ಟ, ಅನ್ನದ ನೆಂಟ. ಸೊಪ್ಪು ಬೇಗ ಬಾಡುವುದರಿಂದ ಮೊದಲ ಮೂರು ದಿನ ಸೊಪ್ಪಿನ ಅಡುಗೆ, ನಂತರ ಹೀರೆ, ಬೀನ್ಸ್, ಕೊನೆಗೆ ಕುಂಬಳ, ಸೋರೆ, ಬೀಟ್‌ರೂಟ್. ತಂದ ದಿನವೇ ಬೇರು ಕತ್ತರಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿಡಿ.

ಸೊಪ್ಪನ್ನು ಉಣ್ಣಿಸುವ ವಿದ್ಯೆಯಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಗಟ್ಟಿಯನ್ನು ಪಲ್ಯ ಮಾಡಿ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗದೆ ಹೊಟ್ಟೆಗೆ ಬರುತ್ತದೆ. ಇಂಥ ಉಳಿತಾಯ ಕಲಿಸಲು ಪೌಷ್ಟಿಕತಜ್ಞರು ಬೇಕಾಗಿರಲಿಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಏಳುವ ಅಣ್ಣೆ, ಹೊನಗೊನೆ, ಗೋಣಿಸೊಪ್ಪುಗಳ ಬೆರಕೆ ಸೊಪ್ಪಿನ ಸಾರು, ಮಲೆನಾಡಿನ ಒಂದೆಲಗದ ತಂಬುಳಿ, ಬಯಲುಸೀಮೆಯ ಪುಂಡಿಪಲ್ಯ, ಇವೆಲ್ಲ ಒಂದೊಂದು ಊರಿನ ಔಷಧಾಲಯ. ಉತ್ತರ ಕರ್ನಾಟಕದ ಊಟದಲ್ಲಿ ಹಸಿ ಮೆಂತ್ಯ, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿಯನ್ನು ತಟ್ಟೆಯ ಅಂಚಿಗೆ ಇಡುವ ಪದ್ಧತಿ ನನಗೆ ಬಹಳ ಹಿಡಿಸಿದ್ದು. ತೊಳೆದು ಇಟ್ಟರಾಯಿತು, ಅಡುಗೆ ಮಾಡುವವರಿಗೆ ಒಂದು ಪಲ್ಯದ ಕೆಲಸ ಉಳಿಯಿತು.

ಸೊಪ್ಪು, ಕಾಳಿನ ಕಬ್ಬಿಣಾಂಶ ದೇಹಕ್ಕೆ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಬೇಕು: ಉಣ್ಣುವಾಗ ಹಿಂಡಿದ ನಿಂಬೆರಸ, ಹಸಿ ನೆಲ್ಲಿಕಾಯಿ ಚಟ್ನಿ, ಊಟದ ಜೊತೆ ಒಂದು ಸೀಬೆಹಣ್ಣು. ಸೀಬೆಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಈ ಕೆಲಸವೆಲ್ಲ ನೀರಲ್ಲಿ ಹೋಮ. ಊಟಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಬಿಡಿ.

ಉಪ್ಪು, ಸಕ್ಕರೆ

ಒಂದು ಕೆ.ಜಿ. ಉಪ್ಪು ನಾಲ್ಕು ಜನಕ್ಕೆ 50 ದಿನ ಬರಬೇಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ದಿನ ಬರಬೇಕು, ಏಕೆಂದರೆ ಉಪ್ಪಿನಕಾಯಿ, ಹಪ್ಪಳ, ಬಾಳಕ, ಬ್ರೆಡ್ಡು, ಮಿಕ್ಸ್ಚರುಗಳ ಉಪ್ಪು ಪ್ಯಾಕೆಟ್ಟಿನ ಲೆಕ್ಕಕ್ಕೆ ಸಿಗುವುದಿಲ್ಲ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ ಉಪ್ಪು ಹಾಕುವುದನ್ನು ನಿಲ್ಲಿಸಿದರೆ ಯಾರಿಗೂ ತಿಳಿಯುವುದಿಲ್ಲ, ಸಾರಿನಲ್ಲೇ ಇದೆಯಲ್ಲ. ಸಾರಿನ ಉಪ್ಪನ್ನು ಮಾತ್ರ ಒಮ್ಮೆಲೇ ಇಳಿಸಬೇಡಿ. ಪ್ರತಿ ವಾರ ಒಂದು ಚಿಟಿಕೆ ಕಳೆಯುತ್ತ ಹೋದರೆ ಒಂದೆರಡು ತಿಂಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಹುಣಸೆ, ನಿಂಬೆ, ಮೆಣಸು ಸ್ವಲ್ಪ ಮುಂದಿರಲಿ. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ ಉಪ್ಪು" ಕೊಳ್ಳುವ ಮುನ್ನ ಎಚ್ಚರ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ನುಂಗುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳಿಯೇ ತನ್ನಿ.

ಸಕ್ಕರೆಯ ಮಿತಿ ಒಬ್ಬರಿಗೆ ದಿನಕ್ಕೆ 25 ಗ್ರಾಂ, ಎಂದರೆ ಐದು ಚಮಚ. ಎರಡೆರಡು ಚಮಚದ ಮೂರು ಕಾಫಿಗೇ ಆರಾಯಿತು. ಬೆಲ್ಲಕ್ಕೆ ಬದಲಾಯಿಸಿ ಗೆದ್ದೆವೆಂದು ತಿಳಿಯುವವರಿದ್ದಾರೆ, ಕ್ಯಾಲರಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಲೋಟ ಚಿಕ್ಕದು ಮಾಡಿ, ಡಿಕಾಕ್ಷನ್ ಗಟ್ಟಿ ಮಾಡಿ. ಒಳ್ಳೆಯ ಫಿಲ್ಟರ್ ಕಾಫಿಗೆ ಒಂದು ಚಮಚ ಸಾಕು.

ಪ್ಯಾಕೆಟ್ಟಿನ ಹಿಂಬದಿ ಓದುವುದು

ಮುಂಬದಿ ಜಾಹೀರಾತು, ಹಿಂಬದಿ ಜಾತಕ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಅಂದರೆ ಮೊದಲ ಮೂರು ಹೆಸರುಗಳೇ ಆ ತಿಂಡಿ. "ಮಲ್ಟಿಗ್ರೇನ್", "ಡೈಜೆಸ್ಟಿವ್", "ರಾಗಿ" ಎಂದೆಲ್ಲ ಮುಂದೆ ಇದ್ದು, ಪಟ್ಟಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮೊದಲಿದ್ದರೆ ಅದು ಮೈದಾ ಬಿಸ್ಕೆಟ್ಟೇ. ರಾಗಿ ಶೇಕಡಾ ಎಷ್ಟು ಎಂದು ಹುಡುಕಿ. ಮಗಳಿಗೆ ಇದನ್ನು ಆಟವಾಗಿ ಕಲಿಸಿದೆ, ಈಗ ಅಂಗಡಿಯಲ್ಲಿ ಅವಳೇ ನನ್ನ ಕೈಯಿಂದ ಪ್ಯಾಕೆಟ್ ಕಿತ್ತು ವಾಪಸ್ಸಿಡುತ್ತಾಳೆ.

ಎರಡು ಸಣ್ಣ ಲೆಕ್ಕ ನೆನಪಿರಲಿ. ಸೋಡಿಯಂ ಎಷ್ಟಿದೆಯೋ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು: 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು, ದಿನದ ಪಾಲಿನ ಐದರಲ್ಲಿ ಎರಡು. ಸಕ್ಕರೆ ಎಷ್ಟು ಗ್ರಾಂ ಇದೆಯೋ ಅದನ್ನು ಐದರಿಂದ ಭಾಗಿಸಿದರೆ ಚಮಚ. ತಂಪು ಪಾನೀಯಗಳಲ್ಲಿ 100 ಮಿ.ಲೀ.ಗೆ ಸಾಮಾನ್ಯವಾಗಿ 10 ಗ್ರಾಂ ಆಸುಪಾಸು ಇರುತ್ತದೆ, 300 ಮಿ.ಲೀ. ಬಾಟಲಿಯಲ್ಲಿ ಆರು ಚಮಚ. ಅಂಕಿಗಳನ್ನು ಯಾವಾಗಲೂ "100 ಗ್ರಾಂಗೆ" ಎಂಬ ಸಾಲಿನಲ್ಲಿ ಹೋಲಿಸಿ. "ಪರ್ ಸರ್ವಿಂಗ್" (ಒಂದು ಸಲಕ್ಕೆ ತಿನ್ನುವ ಪ್ರಮಾಣ) ಎಂಬ ಸಾಲಿನಲ್ಲಿ ಎರಡು ಬಿಸ್ಕೆಟ್ಟಿನ ಲೆಕ್ಕ ಇರುತ್ತದೆ, ಎರಡಕ್ಕೇ ನಿಲ್ಲಿಸುವವರನ್ನು ನಾನು ಕಂಡಿಲ್ಲ.

ಹಾಲಿಗೆ ಬೆರೆಸುವ ಪುಡಿಗಳ ಬಗ್ಗೆ ತಾಯಂದಿರು ಕೇಳುತ್ತಾರೆ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ "ಹೆಲ್ತ್ ಡ್ರಿಂಕ್" ಎಂಬ ವರ್ಗಕ್ಕೆ ವ್ಯಾಖ್ಯಾನವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಪೇಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಹಾಲಿಗೆ ಹಾಲಿನದೇ ಶಕ್ತಿ ಇದೆ. ರುಚಿಗೆ ಬೇಕಾದರೆ ಹುರಿದು ಪುಡಿ ಮಾಡಿದ ಬಾದಾಮಿ, ಏಲಕ್ಕಿ ಹಾಕಿ.

ಹೊರಗೆ ಉಣ್ಣುವ ದಿನ

ದರ್ಶಿನಿಗಳಲ್ಲಿ ಎರಡು ಇಡ್ಲಿ, ಬಟ್ಟಲು ತುಂಬ ಸಾಂಬಾರು, ಹೆಚ್ಚಿನ ದಿನ ವಡೆ ಇಲ್ಲದೆ. ಚೌ ಚೌ ಬಾತ್ ನನ್ನ ದೌರ್ಬಲ್ಯ, ರವೆ, ಎಣ್ಣೆ, ತುಪ್ಪ, ಸಕ್ಕರೆ ಒಂದೇ ತಟ್ಟೆಯಲ್ಲಿ ಮದುವೆಯಾದಂತೆ. ತಿಂಗಳಿಗೆರಡು ಸಲ, ಅದೂ ಇಬ್ಬರ ನಡುವೆ ಒಂದು. ಆಯ್ಕೆ ಇದ್ದರೆ ಖಾನಾವಳಿಗೆ ಹೋಗಿ. ಎರಡು ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಹಸಿ ತರಕಾರಿ, ಶೇಂಗಾ ಚಟ್ನಿ, ಗಟ್ಟಿ ಮೊಸರು: ಧಾನ್ಯ, ಕಾಳು, ಸೊಪ್ಪು, ಬೀಜ, ಹಾಲು ಎಲ್ಲ ಬಂದಾಯಿತು, ಕರಿದದ್ದು ಒಂದೂ ಇಲ್ಲ. ಎಣಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಮಾತ್ರ ಬಟ್ಟಲಲ್ಲೇ ಬಿಡಿ.

ಮದುವೆ ಊಟದಲ್ಲಿ ಎಲೆಯ ಕ್ರಮವೇ ಸಹಾಯಕ್ಕಿದೆ. ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರೆ. ಅನ್ನ ಬರುವವರೆಗೆ ಅವನ್ನು ನೋಡುತ್ತಾ ಕೂರದೆ ತಿಂದು, ಎರಡನೆಯ ಸಲವೂ ಹಾಕಿಸಿಕೊಳ್ಳಿ. ತರಕಾರಿ, ಕಾಳು ಮೊದಲು ಹೊಟ್ಟೆ ಸೇರಿದರೆ ಆಮೇಲೆ ಬರುವ ಅನ್ನದಿಂದ ಸಕ್ಕರೆ ಏರುವುದು ನಿಧಾನವಾಗುತ್ತದೆ. ಹೋಳಿಗೆ ಬಂದಾಗ ಅಡ್ಡಗೈ ಹಿಡಿಯಬೇಡಿ, ಒಂದು ತಿನ್ನಿ, ತುಪ್ಪ ಹಾಕಿಸಿಕೊಂಡೇ ತಿನ್ನಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಮೇಲಿನ ಲೆಕ್ಕವನ್ನು ಹಾಗೇ ಹಚ್ಚಿಕೊಳ್ಳಬಾರದು. ಮೂತ್ರಪಿಂಡ ಸೋತವರಿಗೆ ನಾನು ಇಷ್ಟು ಹೊಗಳಿದ ಕಾಳು, ಸೊಪ್ಪುಗಳೇ ಅಳತೆ ಮೀರಿ ತೊಂದರೆಯಾಗಬಹುದು. ಅವರ ಚೀಟಿಯನ್ನು ವೈದ್ಯರೇ ಬರೆಯಬೇಕು.

ಮೂರು ತಿಂಗಳಾದ ಮೇಲೆ

ಚೀಟಿಗಳನ್ನು ಮತ್ತೆ ಕೊಕ್ಕೆಯಿಂದ ತೆಗೆಯಿರಿ, ಹಳೆಯ ಲೆಕ್ಕದ ಪಕ್ಕ ಇಡಿ. ಒಂದು ಸಲಕ್ಕೆ ಎರಡು ಸಾಲು ಮಾತ್ರ ತಿದ್ದಿ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಿ ನಾವು ಮೊದಲ ತಿಂಗಳೇ ಸೋತಿದ್ದೆವು. ಆಗ ತಂದಿಟ್ಟ ಓಟ್ಸಿನ ದೊಡ್ಡ ಪ್ಯಾಕೆಟ್ಟು ಹುಳ ಹಿಡಿದು ಕೊನೆಗೆ ಹಕ್ಕಿಗಳ ಪಾಲಾಯಿತು.

ಈ ತಿಂಗಳ ನಮ್ಮ ಚೀಟಿ ಎದುರಿಗಿದೆ. ಎಣ್ಣೆ 4 ಲೀಟರ್. ಬೇಳೆಕಾಳು ಎಲ್ಲ ಸೇರಿ 7 ಕೆ.ಜಿ., ಅದರಲ್ಲಿ ಹುರುಳಿ ಒಂದೂವರೆ. ಸಕ್ಕರೆ 2, ಉಪ್ಪು ಇಲ್ಲ, ಹೋದ ತಿಂಗಳದ್ದೇ ಇದೆ. ರಾಗಿ 5, ಜೋಳ 6, ಅಕ್ಕಿ 12. ಕೊನೆಯ ಸಾಲನ್ನು ಅಮ್ಮ ಪೆನ್ಸಿಲಿನಲ್ಲಿ, ಕಂಡೂ ಕಾಣದಷ್ಟು ಚಿಕ್ಕದಾಗಿ ಸೇರಿಸಿದ್ದಾರೆ: ಹಪ್ಪಳ ಒಂದು ಕಟ್ಟು. ತರುತ್ತೇನೆ, ಕೆಂಡದ ಮೇಲೆ ಸುಟ್ಟುಕೊಡುವುದೆಂದು ಮಾತಾಗಿದೆ.